ಹನ್ನೆರಡು ಅಡಿಯ ಕಾರೋ, ಎಂಟು ಇಂಚು ಹೆಚ್ಚಿನದೋ?

ಸ್ಕೂಟರಿನಿಂದ ಮೊದಲ ಕಾರಿಗೆ ಹೊರಟಿರುವ ಕುಟುಂಬಗಳಿಗೊಂದು ಬಹಿರಂಗ ಪತ್ರ



2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಸಣ್ಣ ಕಾರುಗಳ ಮೇಲಿನ ತೆರಿಗೆ ಇಳಿಯಿತು. ಅಲ್ಲಿಯವರೆಗೆ ಶೇ 28ರ ಜಿಎಸ್‌ಟಿ, ಅದರ ಮೇಲೆ ಶೇ 1ರ ಸೆಸ್ ಇತ್ತು. ಈಗ ಶೇ 18 ಮಾತ್ರ. ನಾಲ್ಕು ಮೀಟರ್ ಉದ್ದ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆಲ್ಲ ಇದು ಅನ್ವಯ. ಮಾರುತಿ ಸುಜುಕಿ ಕಂಪನಿ ವ್ಯಾಗನ್ ಆರ್‌ನ ಆರಂಭಿಕ ಬೆಲೆಯನ್ನು 4,98,900 ರೂಪಾಯಿಗೆ, ಸ್ವಿಫ್ಟ್‌ನ ಆರಂಭಿಕ ಬೆಲೆಯನ್ನು 5,78,900 ರೂಪಾಯಿಗೆ ಇಳಿಸಿತು. ಸ್ಕೂಟರ್ ಇಟ್ಟುಕೊಂಡು ಕಾರಿನ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ರಾತ್ರಿ ಊಟದ ಹೊತ್ತಿಗೆ ಈ ಎರಡು ಹೆಸರುಗಳದೇ ಮಾತು. ಮಗನಿಗೆ ಸ್ವಿಫ್ಟ್ ಬೇಕು, ಅಪ್ಪನಿಗೆ ವ್ಯಾಗನ್ ಆರ್ ಸಾಕು. ಕಾರಿನಲ್ಲಿ ಹೆಚ್ಚು ಹೊತ್ತು ಹಿಂದಿನ ಸೀಟಿನಲ್ಲಿ ಕೂರಬೇಕಾದ ಅಮ್ಮನನ್ನೂ ಅಜ್ಜಿಯನ್ನೂ ಮಾತ್ರ ಯಾರೂ ಇನ್ನೂ ಕೇಳಿರುವುದಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಮೊದಲ ಕಾರು ಎಂದರೆ ಸಾಮಾನ್ಯ ಸಂಬಳದ ಮನೆಯೊಂದು ಮನೆ ಕಟ್ಟುವುದನ್ನೂ ಮದುವೆಯನ್ನೂ ಬಿಟ್ಟರೆ ಮಾಡುವ ಅತಿ ದೊಡ್ಡ ಖರ್ಚು. ಅದನ್ನು ಮುಂದಿನ ಸೀಟಿನಲ್ಲಿ ಕೂರುವವರು ಮಾತ್ರ ತೀರ್ಮಾನಿಸಬಾರದು.

ಮೊದಲು ಅಳತೆ ನೋಡೋಣ. ಕಂಪನಿಯ ಕೈಪಿಡಿಯಲ್ಲಿ ಎಲ್ಲವೂ ಮಿಲಿಮೀಟರಿನಲ್ಲಿರುತ್ತದೆ, ಮನೆ ಕಟ್ಟಿಸಿದ ನಮ್ಮವರಿಗೆ ಅಡಿ-ಇಂಚೇ ಕಣ್ಣಿಗೆ ಕಟ್ಟುವುದು. ವ್ಯಾಗನ್ ಆರ್ ಉದ್ದ 3,655 ಮಿ.ಮೀ., ಅಂದರೆ ಸರಿಯಾಗಿ ಹನ್ನೆರಡು ಅಡಿ. ಸ್ವಿಫ್ಟ್ 3,860 ಮಿ.ಮೀ., ಹನ್ನೆರಡು ಅಡಿ ಎಂಟು ಇಂಚು. ಅಗಲದಲ್ಲಿ ವ್ಯಾಗನ್ ಆರ್ 1,620, ಸ್ವಿಫ್ಟ್ 1,735. ನಾಲ್ಕೂವರೆ ಇಂಚಿನ ವ್ಯತ್ಯಾಸ. ಎತ್ತರದಲ್ಲಿ ಲೆಕ್ಕ ತಿರುಗುತ್ತದೆ: ವ್ಯಾಗನ್ ಆರ್ 1,675, ಸ್ವಿಫ್ಟ್ 1,520. ಇಲ್ಲಿ ಚಿಕ್ಕ ಕಾರೇ ಆರು ಇಂಚು ಎತ್ತರ.

ಈಗ ಡಿಕ್ಕಿ ತೆರೆಯಿರಿ. ಉದ್ದದ ಕಾರಾದ ಸ್ವಿಫ್ಟ್‌ನಲ್ಲಿ 265 ಲೀಟರ್ ಜಾಗ. ಎಂಟು ಇಂಚು ಗಿಡ್ಡಗಿರುವ ವ್ಯಾಗನ್ ಆರ್‌ನಲ್ಲಿ 341 ಲೀಟರ್. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ನೋಡಿದರೆ ಸ್ವಿಫ್ಟ್‌ನದು 2,450, ವ್ಯಾಗನ್ ಆರ್‌ನದು 2,435. ಒಂದು ಇಂಚೂ ಹೆಚ್ಚಿಲ್ಲ. ಕಾಲು ಚಾಚುವ ಜಾಗಕ್ಕೆ ಆಧಾರವಾಗುವುದು ಮುಖ್ಯವಾಗಿ ಈ ಅಂತರವೇ. ಅಂದ ಮೇಲೆ ಸ್ವಿಫ್ಟ್‌ನ ಹೆಚ್ಚುವರಿ ಉದ್ದದಲ್ಲಿ ಬಹುಪಾಲು ಹೋಗಿರುವುದು ಗಾಲಿಗಳ ಆಚೆಗೆ, ಬಾನೆಟ್ಟಿಗೆ ಮತ್ತು ಹಿಂದಿನ ಬಂಪರಿಗೆ. ಆ ಉದ್ದದಿಂದ ಕಾರು ಬೀದಿಯಲ್ಲಿ ನಿಂತಾಗ ಚೆನ್ನಾಗಿ ಕಾಣುತ್ತದೆ, ಹೆದ್ದಾರಿಯಲ್ಲಿ ಒಂದಿಷ್ಟು ಉಪಯೋಗವೂ ಇದೆ. ಆದರೆ ಹಿಂದೆ ಕೂತವರ ಮೊಣಕಾಲಿಗೆ ಅದರಿಂದ ಬರುವ ಲಾಭ ಕಡಿಮೆ.

ಇದೇನೂ ಆಕಸ್ಮಿಕವಲ್ಲ. ವ್ಯಾಗನ್ ಆರ್ ಹುಟ್ಟಿದ್ದು 1993ರಲ್ಲಿ, ಜಪಾನಿನಲ್ಲಿ, ಅಲ್ಲಿನ 'ಕೇ' ವರ್ಗದ ಪುಟ್ಟ ಕಾರಾಗಿ. ಆ ವರ್ಗದ ಕಾರಿನ ಉದ್ದ, ಅಗಲ, ಎಂಜಿನ್ ಮೂರಕ್ಕೂ ಕಾನೂನಿನಲ್ಲೇ ಬಿಗಿಯಾದ ಮಿತಿ ಇದೆ. ಹರಡಲು ಜಾಗವಿಲ್ಲದಾಗ ಎಂಜಿನಿಯರುಗಳು ಮೇಲಕ್ಕೆ ಹೋದರು. ಸೀಟು ಎತ್ತರಿಸಿ, ಬೆನ್ನನ್ನು ನೆಟ್ಟಗೆ ಕೂರಿಸಿ, ಕಾಲನ್ನು ಕೆಳಗಿಳಿಬಿಟ್ಟರು. ಭಾರತದಲ್ಲಿ 1998ರಲ್ಲಿ ಹ್ಯುಂಡೈ ಕಂಪನಿಯ ಸ್ಯಾಂಟ್ರೊ ಇದೇ ಎತ್ತರದ ಮೈಕಟ್ಟಿನಲ್ಲಿ ಬಂದು ಮನಗೆದ್ದಿತು. ಮರುವರ್ಷವೇ, 1999ರ ಡಿಸೆಂಬರಿನಲ್ಲಿ, ಮಾರುತಿ ವ್ಯಾಗನ್ ಆರ್ ತಂದಿತು. ಈಗಿರುವುದು 2019ರ ಜನವರಿಯಲ್ಲಿ ಬಂದ ಮೂರನೇ ತಲೆಮಾರು. ಸ್ವಿಫ್ಟ್ ಇಲ್ಲಿಗೆ ಬಂದದ್ದು 2005ರಲ್ಲಿ. ಓಡಿಸುವವನ ಖುಷಿಯನ್ನು ಮುಂದಿಟ್ಟು ರೂಪಿಸಿದ ಕಾರು ಅದು. 2024ರ ಮೇ ತಿಂಗಳಲ್ಲಿ ಬಂದ ಹೊಸ ತಲೆಮಾರಿನಲ್ಲೂ ಆ ಗುಣ ಉಳಿದಿದೆ. 2025ರ ಮಾರ್ಚಿಗೆ ಕೊನೆಗೊಂಡ ನಾಲ್ಕು ಹಣಕಾಸು ವರ್ಷಗಳಲ್ಲೂ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ವ್ಯಾಗನ್ ಆರ್; ವರ್ಷಕ್ಕೆ ಎರಡು ಲಕ್ಷದ ಆಸುಪಾಸು. ನೋಡಲು ಚೆಂದವಿಲ್ಲ ಎಂದು ಎಲ್ಲರೂ ಹೇಳುವ ಕಾರು ಇಷ್ಟು ಮನೆ ಸೇರಿದೆ ಎಂದರೆ ಅದಕ್ಕೆ ಕಾರಣ ಹಿಂದಿನ ಬಾಗಿಲ ಬಳಿಯೇ ಇದೆ.

ಆ ಬಾಗಿಲ ಬಳಿ ಸ್ವಲ್ಪ ನಿಲ್ಲೋಣ. ಎಪ್ಪತ್ತು ದಾಟಿದ, ಸೀರೆ ಉಟ್ಟ, ಮಂಡಿನೋವಿನ ಅಜ್ಜಿಯೊಬ್ಬರು ಕಾರು ಹತ್ತುವುದನ್ನು ಗಮನಿಸಿ. ಅವರು ಮೊದಲು ಕಾಲು ಒಳಗಿಡುವುದಿಲ್ಲ. ಕಾರಿಗೆ ಬೆನ್ನು ಮಾಡಿ, ಒಂದು ಕೈಯಲ್ಲಿ ಬಾಗಿಲ ಅಂಚು ಹಿಡಿದು, ಸೀಟಿನ ಮೇಲೆ ಮೊದಲು ಕೂರುತ್ತಾರೆ. ಆಮೇಲೆ ನೆರಿಗೆ ಒಂದಿಷ್ಟು ಎತ್ತಿಕೊಂಡು ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಸೀಟು ಅವರ ಸೊಂಟದ ಎತ್ತರಕ್ಕೆ ಹತ್ತಿರವಿದ್ದರೆ ಈ ಕೆಲಸ ಊಟದ ಮೇಜಿನ ಕುರ್ಚಿಯ ಮೇಲೆ ಕೂತಷ್ಟೇ ಸಲೀಸು. ಸೀಟು ಕೆಳಗಿದ್ದರೆ ಕೊನೆಯ ಐದಾರು ಇಂಚು ಅವರು ಕೂರುವುದಿಲ್ಲ, ಬೀಳುತ್ತಾರೆ. ಇಳಿಯುವಾಗ ಇನ್ನೂ ಕಷ್ಟ: ಇಡೀ ಮೈಭಾರವನ್ನು ನೋಯುವ ಮಂಡಿಯ ಮೇಲೆ ಹಾಕಿ ಏಳಬೇಕು, ಜೊತೆಗೆ ಇಳಿಜಾರಾದ ಚಾವಣಿಗೆ ತಲೆ ತಾಗದಂತೆ ಬಗ್ಗಬೇಕು. ವ್ಯಾಗನ್ ಆರ್‌ನ ಎತ್ತರದ ಸೀಟು, ನೆಟ್ಟಗಿನ ಬಾಗಿಲು ಇಲ್ಲಿ ಕೆಲಸಕ್ಕೆ ಬರುತ್ತವೆ. ಸ್ವಿಫ್ಟ್‌ನ ಹಿಂದಿನ ಸೀಟು ತಗ್ಗಿನಲ್ಲಿದೆ, ಚಾವಣಿ ಹಿಂದಕ್ಕೆ ಬಾಗಿದೆ, ಕಿಟಕಿಯ ಗಾಜೂ ಕಿರಿದು. ಮಕ್ಕಳಿಗೆ ಹೊರಗಿನದು ಸರಿಯಾಗಿ ಕಾಣುವುದಿಲ್ಲ, ಹಿರಿಯರಿಗೆ ಕಟ್ಟಿಹಾಕಿದಂತಾಗುತ್ತದೆ. ಒಂದು ಒಳ್ಳೆಯ ತಿದ್ದುಪಡಿಯನ್ನೂ ಹೇಳಬೇಕು: 2018ರ ಸ್ವಿಫ್ಟ್‌ನಲ್ಲಿ ಹಿಂದಿನ ಬಾಗಿಲ ಹಿಡಿಕೆ ಮೇಲೆ ಕಂಬದ ಬಳಿ ಅಡಗಿತ್ತು, ಮಕ್ಕಳ ಕೈಗೆ ಎಟುಕುತ್ತಿರಲಿಲ್ಲ. 2024ರಲ್ಲಿ ಅದನ್ನು ಮತ್ತೆ ಬಾಗಿಲಿಗೇ ತಂದಿದ್ದಾರೆ.

ಹಾಗೆಂದು ಹಿಂದಿನ ಸೀಟಿನ ಎಲ್ಲ ಅಂಕವೂ ವ್ಯಾಗನ್ ಆರ್‌ಗೆ ಸಲ್ಲುವುದಿಲ್ಲ. ಮೂವರು ದೊಡ್ಡವರು ಅಕ್ಕಪಕ್ಕ ಕೂರುವಾಗ ಬೇಕಾಗುವುದು ಅಗಲ. ಅದರಲ್ಲಿ ಸ್ವಿಫ್ಟ್ ಮುಂದು. ಆದರೂ ನಿಜ ಹೇಳಬೇಕೆಂದರೆ ಎರಡರಲ್ಲೂ ಮೂರನೆಯ ದೊಡ್ಡವರಿಗೆ ದೂರ ಪ್ರಯಾಣದಲ್ಲಿ ಸುಖವಿಲ್ಲ. ಇಬ್ಬರು ಹಿರಿಯರ ನಡುವೆ ಒಂದು ಮಗು ಎಂಬ ಲೆಕ್ಕಕ್ಕೆ ಎರಡೂ ಹೊಂದುತ್ತವೆ. ಐವರು ದೊಡ್ಡವರು ತಿಂಗಳಿಗೆರಡು ಬಾರಿ ದೂರದೂರಿಗೆ ಹೋಗುವ ಮನೆಯಾದರೆ ಈ ಎರಡನ್ನೂ ಬಿಟ್ಟು, ಇನ್ನೂ ಅಗಲದ ಕಾರನ್ನು ಹಳೆಯದಾದರೂ ಸರಿ ನೋಡುವುದು ಮೇಲು.

ಇನ್ನು ಕಾರು ರಾತ್ರಿ ಮಲಗುವ ಜಾಗ. ಬೆಂಗಳೂರು, ಮೈಸೂರು, ತುಮಕೂರುಗಳ ಎಷ್ಟೋ ಬಡಾವಣೆಗಳಲ್ಲಿ ಮನೆ ಎದ್ದಿರುವುದು 20–30 ಅಥವಾ 30–40ರ ಸೈಟಿನಲ್ಲಿ. 20–30ರ ಸೈಟಿನ ಕೆಳಮನೆಯಲ್ಲಿ ಮೆಟ್ಟಿಲು, ಸಂಪು, ಮೋಟರು, ಎರಡು ಸ್ಕೂಟರ್ ಕಳೆದರೆ ಉಳಿಯುವುದು ಹದಿಮೂರು-ಹದಿನಾಲ್ಕು ಅಡಿ ಉದ್ದದ ಒಂದು ಪಟ್ಟಿ. ಅಲ್ಲಿ ಹನ್ನೆರಡು ಅಡಿಯ ಕಾರು ನಿಂತರೆ ಗೇಟು ಮುಚ್ಚಿ, ಹಿಂದೆ ಒಬ್ಬರು ಓಡಾಡಬಹುದು. ಎಂಟು ಇಂಚು ಹೆಚ್ಚಿನದು ನಿಂತರೆ ಗೇಟಿಗೂ ಬಂಪರಿಗೂ ನಡುವೆ ಕೈ ತೂರಿಸಿ ಚಿಲಕ ಹಾಕಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಮಸ್ಯೆ ಉದ್ದದ್ದಲ್ಲ, ಅಗಲದ್ದು. ಎರಡು ಕಂಬಗಳ ನಡುವೆ ಎರಡು ಕಾರು ನಿಲ್ಲಿಸುವ ಕಡೆ ನಾಲ್ಕೂವರೆ ಇಂಚು ಎಂದರೆ ಬಾಗಿಲು ಪೂರ್ತಿ ತೆರೆಯುವುದಕ್ಕೂ ಅರ್ಧ ತೆರೆದು ನುಸುಳುವುದಕ್ಕೂ ಇರುವ ವ್ಯತ್ಯಾಸ. ಬುಕಿಂಗ್‌ಗೆ ಮುಂಚೆ ಒಂದು ಟೇಪು ಹಿಡಿದು ಮನೆಯ ಗೇಟು, ಇಳಿಜಾರು, ಕಂಬಗಳ ನಡುವಿನ ಜಾಗ ಅಳೆಯಿರಿ. ಅಗಲಕ್ಕೆ ಎರಡೂ ಬದಿಯ ಕನ್ನಡಿ ಸೇರಿಸುವುದನ್ನು ಮರೆಯಬೇಡಿ. ಕಂಪನಿ ಕೊಡುವ ಅಗಲದಲ್ಲಿ ಕನ್ನಡಿ ಸೇರಿರುವುದಿಲ್ಲ. ಬೀದಿಯಲ್ಲಿ ತಿರುಗಿಸುವ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮ: ಒಂದರ ತಿರುವು ತ್ರಿಜ್ಯ 4.7 ಮೀಟರ್, ಇನ್ನೊಂದರದು 4.8.

ಎಂಜಿನ್ ವಿಷಯದಲ್ಲಿ ಬೀದಿಯಲ್ಲಿ ಕೇಳುವ ಮಾತು ಒಂದು, ಕಾಗದದ ಮೇಲಿನ ಸತ್ಯ ಇನ್ನೊಂದು. 'ಪಿಕಪ್ ಬೇಕಿದ್ದರೆ ಸ್ವಿಫ್ಟ್' ಎನ್ನುತ್ತಾರೆ. ಹೊಸ ಸ್ವಿಫ್ಟ್‌ನಲ್ಲಿರುವುದು ಮೂರು ಸಿಲಿಂಡರಿನ 1.2 ಲೀಟರ್ ಎಂಜಿನ್. ಸುಮಾರು 82 ಪಿಎಸ್ ಶಕ್ತಿ, 112 ನ್ಯೂಟನ್ ಮೀಟರ್ ಟಾರ್ಕ್. ಮೈಲೇಜ್ ಹೆಚ್ಚಿಸಲೆಂದೇ ಇದನ್ನು ತಂದದ್ದು. ವ್ಯಾಗನ್ ಆರ್‌ಗೆ ಎರಡು ಎಂಜಿನ್‌ಗಳಿವೆ. ಕೆಳಗಿನ ಮಾದರಿಗಳಲ್ಲಿ 998 ಸಿಸಿಯ ಮೂರು ಸಿಲಿಂಡರ್, ಸುಮಾರು 67 ಪಿಎಸ್. ಮೇಲಿನ ಮಾದರಿಗಳಲ್ಲಿ 1,197 ಸಿಸಿಯ ನಾಲ್ಕು ಸಿಲಿಂಡರ್, ಸುಮಾರು 90 ಪಿಎಸ್, 113 ನ್ಯೂಟನ್ ಮೀಟರ್. ಎಂದರೆ 1.2 ಲೀಟರಿನ ವ್ಯಾಗನ್ ಆರ್ ಶಕ್ತಿಯಲ್ಲಿ ಸ್ವಿಫ್ಟ್‌ಗಿಂತ ಕಡಿಮೆಯಿಲ್ಲ, ಮೈಭಾರದಲ್ಲೂ ಹಗುರ. ನಾಲ್ಕು ಸಿಲಿಂಡರ್ ಇರುವುದರಿಂದ ನಿಂತಲ್ಲಿ ಗಡಗಡ ಕಡಿಮೆ.

ಆದ್ದರಿಂದ ನಿಜವಾದ ಪ್ರಶ್ನೆ ಹೆಸರಿನದಲ್ಲ, 1.0 ಸಾಕೇ 1.2 ಬೇಕೇ ಎಂಬುದು. ಸಮತಟ್ಟಾದ ಊರಲ್ಲಿ, ಇಬ್ಬರು ಮೂವರ ಓಡಾಟಕ್ಕೆ 1.0 ಧಾರಾಳವಾಗಿ ಸಾಕು. ಆದರೆ ಮೂಡಿಗೆರೆ ಕಡೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ, ಮಾರನೆಯ ದಿನ ಐದು ಜನ, ಐದು ಬ್ಯಾಗು, ಎಸಿ ಸಮೇತ ಅದೇ ಘಾಟಿ ಹತ್ತಿ ಬರಬೇಕಾದವರಿಗೆ ಅದು ಸಾಲದು. ಹೇರ್‌ಪಿನ್ ತಿರುವಿನಲ್ಲಿ ವೇಗ ಪೂರಾ ಇಳಿದು, ಎರಡನೇ ಗೇರೂ ಎಳೆಯದೆ ಒಂದಕ್ಕೆ ಬರಬೇಕಾದಾಗ, ಹಿಂದಿನಿಂದ ಬಸ್ಸು ಹಾರ್ನ್ ಹಾಕುತ್ತಿರುವಾಗ, ಹೊಸದಾಗಿ ಓಡಿಸಲು ಕಲಿತವರ ಕೈ ನಡುಗುತ್ತದೆ. ಆಗುಂಬೆ, ಶಿರಾಡಿ, ಚಾರ್ಮಾಡಿಗಳು ವರ್ಷದಲ್ಲಿ ನಾಲ್ಕಾರು ಬಾರಿ ನಿಮ್ಮ ದಾರಿಯಲ್ಲಿ ಬರುತ್ತವೆ ಎಂದಾದರೆ 1.2ಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ವ್ಯಾಗನ್ ಆರ್‌ನ 1.2 ಮಾದರಿಯ ಬೆಲೆ ಸ್ವಿಫ್ಟ್‌ನ ಕೆಳಗಿನ ಮಾದರಿಯ ಹತ್ತಿರಕ್ಕೇ ಬರುತ್ತದೆ. ನಿಜವಾದ ಹೋಲಿಕೆ ಮಾಡಬೇಕಾದದ್ದು ಇವೆರಡರ ನಡುವೆ. ಒಂದರ ತೀರಾ ಅಗ್ಗದ ಮಾದರಿಯನ್ನು ಇನ್ನೊಂದರ ತೀರಾ ದುಬಾರಿ ಮಾದರಿಯ ಪಕ್ಕ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ.

ಹೆದ್ದಾರಿಗೆ ಬಂದಾಗ ಮಾತ್ರ ಸ್ವಿಫ್ಟ್‌ಗೆ ತಲೆಬಾಗಬೇಕು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಬಳಿ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು ನಿಂತಿವೆ. ಅವನ್ನು ಅಲ್ಲಿ ನೆಟ್ಟಿದ್ದೇ ಅಲ್ಲಿ ಗಾಳಿ ಜೋರು ಎಂಬ ಕಾರಣಕ್ಕೆ. ಎತ್ತರದ, ಕಿರಿದಾದ ಮೈಯ ಕಾರಿಗೆ ಪಕ್ಕದಿಂದ ಬೀಸುವ ಗಾಳಿ ಗೋಡೆಗೆ ಬಡಿದಂತೆ ಬಡಿಯುತ್ತದೆ. ಲಾರಿಯನ್ನು ಹಿಂದಿಕ್ಕಿ ಅದರ ಮರೆಯಿಂದ ಹೊರಬರುವಾಗ ಸ್ಟೇರಿಂಗ್ ಒಂದು ಕ್ಷಣ ಎಳೆಯುತ್ತದೆ. ವ್ಯಾಗನ್ ಆರ್‌ನ 1.0 ಮಾದರಿಗಳ ಟೈರು 155 ಮಿ.ಮೀ. ಅಗಲದವು, ಗಾಲಿ 13 ಇಂಚಿನದು. ಸ್ವಿಫ್ಟ್‌ನ ಕೆಳಗಿನ ಮಾದರಿಯಲ್ಲೇ 165ರ ಟೈರು, 14 ಇಂಚಿನ ಗಾಲಿ. ಮೇಲಿನದರಲ್ಲಿ 185ರ ಟೈರು, 15 ಇಂಚಿನ ಗಾಲಿ. ತಗ್ಗಿನ ಮೈ, ಅಗಲದ ನಿಲುವು, ದಪ್ಪ ಟೈರು ಮೂರೂ ಸೇರಿದಾಗ ತಿರುವಿನಲ್ಲೂ ತುರ್ತು ಬ್ರೇಕಿನಲ್ಲೂ ಕಾರು ನೆಲ ಕಚ್ಚಿ ನಿಲ್ಲುತ್ತದೆ.

ಬೆಂಗಳೂರು–ಮೈಸೂರು ದಾರಿಯವರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ಹೆದ್ದಾರಿಯಲ್ಲಿ ಬೈಕು, ಸ್ಕೂಟರು, ಆಟೊಗಳಿಗೆ ಪ್ರವೇಶವಿಲ್ಲ. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಸರ್ವಿಸ್ ರಸ್ತೆಯಲ್ಲಿ ಸ್ಕೂಟರ್ ಓಡಿಸಿ ಬೇಸತ್ತವರು ಕಾರಿನ ಕಡೆ ತಿರುಗಿರುವುದು ಸಹಜ. ವಾರಕ್ಕೊಮ್ಮೆ ನೂರರ ವೇಗದಲ್ಲಿ ಆ ದಾರಿ ಹಿಡಿಯುವವರಾದರೆ, ಮನೆಯಲ್ಲಿ ಮಂಡಿನೋವಿನ ಹಿರಿಯರು ಇಲ್ಲದಿದ್ದರೆ, ಸ್ವಿಫ್ಟ್ ಕೊಳ್ಳಿ. ಇದರಲ್ಲಿ ಎರಡು ಮಾತಿಲ್ಲ.

ಸುರಕ್ಷತೆಯ ವಿಷಯವನ್ನು ಮುಲಾಜಿಲ್ಲದೆ ಹೇಳಬೇಕು. ಕಾರುಗಳ ಅಪಘಾತ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ಆಗಿನ ಸ್ವಿಫ್ಟ್‌ಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ವ್ಯಾಗನ್ ಆರ್‌ಗೂ ಒಂದೇ ನಕ್ಷತ್ರ. ಅದಕ್ಕೆ ಮಕ್ಕಳ ರಕ್ಷಣೆಯಲ್ಲಿ ಸೊನ್ನೆ. ಎರಡು ಏರ್‌ಬ್ಯಾಗ್ ಇದ್ದ ಮಾದರಿಗಳ ಮೇಲೆ ನಡೆದ ಪರೀಕ್ಷೆಗಳವು. ಅಪಘಾತದ ಹೊಡೆತಕ್ಕೆ ಕಾರಿನ ಚೌಕಟ್ಟು ಭದ್ರವಾಗಿ ನಿಲ್ಲಲಿಲ್ಲ ಎಂಬುದು ಎರಡರ ವರದಿಯಲ್ಲೂ ಇದೆ. ಅದಾದ ಮೇಲೆ ಸ್ವಿಫ್ಟ್‌ನ ತಲೆಮಾರೇ ಬದಲಾಗಿ, 2024ರಿಂದ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದಿವೆ. 2025ರಲ್ಲಿ ವ್ಯಾಗನ್ ಆರ್‌ಗೂ ಆರು ಬಂದವು, ಆದರೆ ಅದರ ಮೂಲ ಮೈಕಟ್ಟು 2019ರದ್ದೇ. ಏರ್‌ಬ್ಯಾಗ್ ಹೆಚ್ಚಾದ ಮಾತ್ರಕ್ಕೆ ಚೌಕಟ್ಟು ಗಟ್ಟಿಯಾಗುವುದಿಲ್ಲ. ಷೋರೂಮಿನಲ್ಲಿ ಕೆಲವೊಮ್ಮೆ ಮಾರುತಿಯದೇ ಇನ್ನೊಂದು ಕಾರಾದ ಡಿಸೈರ್‌ಗೆ ಸಿಕ್ಕ ಐದು ನಕ್ಷತ್ರವನ್ನು ತೋರಿಸಿ ಸ್ವಿಫ್ಟ್ ಮಾರುತ್ತಾರೆ. 2024ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಆ ಐದು ನಕ್ಷತ್ರ ಕೊಟ್ಟದ್ದು ಡಿಸೈರ್‌ಗೆ, ಸ್ವಿಫ್ಟ್‌ಗಲ್ಲ.

ನಕ್ಷತ್ರವೇ ನಿಮಗೆ ಎಲ್ಲಕ್ಕಿಂತ ಮುಖ್ಯವಾದರೆ ಈ ಜೋಡಿಯಿಂದ ಆಚೆ ನೋಡಿ. ಟಾಟಾ ಕಂಪನಿಯ ಟಿಯಾಗೊ 2020ರಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆಯಿತು, ಅದರ ಅಣ್ಣನಂತಿರುವ ಆಲ್ಟ್ರೋಜ್ ಐದು. ಅದು ಆಗಿನ ಸ್ವಲ್ಪ ಸಡಿಲ ನಿಯಮಗಳ ಪ್ರಕಾರ ನಿಜ. ಆದರೂ ಆ ದಿನಗಳಲ್ಲಿ ಅದೇ ನಿಯಮದಡಿ ವ್ಯಾಗನ್ ಆರ್‌ಗೆ ಸಿಕ್ಕದ್ದು ಎರಡು. ಆಲ್ಟ್ರೋಜ್‌ನಲ್ಲಿ ಡಿಕ್ಕಿಯೂ 345 ಲೀಟರ್. ಉದ್ದ ಮಾತ್ರ ಹದಿಮೂರು ಅಡಿ ದಾಟುತ್ತದೆ, ಬೆಲೆಯೂ ಮೇಲೆ.

ಹಣದ ವಿಷಯ. ಎರಡರ ಆರಂಭಿಕ ಬೆಲೆ ಹಿಡಿದರೆ 4,98,900ಕ್ಕೂ 5,78,900ಕ್ಕೂ ನಡುವೆ 80 ಸಾವಿರ. ಇದು ಎಕ್ಸ್-ಷೋರೂಮ್ ಲೆಕ್ಕ. ಆಮೇಲೆ ಬೆಲೆ ಅಲ್ಪಸ್ವಲ್ಪ ಆಚೀಚೆ ಆಗಿದ್ದರೂ ಅಂತರದ ಅಂದಾಜಿಗೆ ಇದು ಸಾಕು. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ದೇಶದಲ್ಲೇ ಹೆಚ್ಚಿನದರಲ್ಲಿ ಒಂದು: ಐದು ಲಕ್ಷದೊಳಗಿನ ಕಾರಿಗೆ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್. ಎಕ್ಸ್-ಷೋರೂಮ್ ಬೆಲೆಯ ಮೇಲೆ ಹಾಕಿದರೆ ವ್ಯಾಗನ್ ಆರ್‌ನ ಕೆಳಗಿನ ಮಾದರಿಗೆ ಸುಮಾರು 72 ಸಾವಿರ, ಸ್ವಿಫ್ಟ್‌ಗೆ ಸುಮಾರು 90 ಸಾವಿರ. ಥರ್ಡ್ ಪಾರ್ಟಿ ವಿಮೆಯ ದರ ಎಂಜಿನ್ ಸಿಸಿ ನೋಡಿ ನಿಗದಿಯಾಗುತ್ತದೆ. 2022ರ ಜೂನ್‌ನಿಂದ ಜಾರಿಯಾದ ದರದಂತೆ ಸಾವಿರ ಸಿಸಿ ಮೀರದ ಹೊಸ ಕಾರಿಗೆ ಮೂರು ವರ್ಷಕ್ಕೆ 6,521 ರೂಪಾಯಿ, ಅದಕ್ಕಿಂತ ಮೇಲೆ 1,500 ಸಿಸಿವರೆಗೆ 10,640. ಹೀಗೆ 80 ಸಾವಿರದ ಅಂತರ ಕಾರು ರಸ್ತೆಗಿಳಿಯುವ ಹೊತ್ತಿಗೆ ಲಕ್ಷ ದಾಟುತ್ತದೆ. ಶೇ 9ರ ಬಡ್ಡಿಗೆ ಏಳು ವರ್ಷದ ಸಾಲವಾದರೆ ಆ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 1,610 ರೂಪಾಯಿ ಕಂತು, ಕೊನೆಗೆ ಕಟ್ಟುವುದು 1.35 ಲಕ್ಷ. ಮಾರಾಟಗಾರ ಹೇಳುವುದು 'ಬರೀ ಸಾವಿರದ ಆರುನೂರು ಹೆಚ್ಚು ಸಾರ್' ಎಂಬುದಷ್ಟನ್ನೇ. ಒಟ್ಟು ಮೊತ್ತ ನೀವೇ ಗುಣಿಸಿ ನೋಡಬೇಕು.

ಮೈಲೇಜ್ ಬಗ್ಗೆ ಮನೆಗಳಲ್ಲಿ ನಡೆಯುವಷ್ಟು ವಾದ ಅದಕ್ಕೆ ಬೇಕಿಲ್ಲ. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಡೆಸುವ ಪರೀಕ್ಷೆಯಲ್ಲಿ ಮ್ಯಾನುಯಲ್ ಗೇರಿನ ವ್ಯಾಗನ್ ಆರ್ 1.0ಕ್ಕೆ ಲೀಟರಿಗೆ 24.35 ಕಿ.ಮೀ., 1.2ಕ್ಕೆ 23.56, ಸ್ವಿಫ್ಟ್‌ಗೆ 24.8. ಊರ ಟ್ರಾಫಿಕ್ಕಿನಲ್ಲಿ ಯಾವುದೂ ಇಷ್ಟು ಕೊಡುವುದಿಲ್ಲ. ಒಂದು ಕಾರು 17, ಇನ್ನೊಂದು 18 ಕೊಟ್ಟಿತು ಎಂದುಕೊಳ್ಳಿ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸಿ, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಹಿಡಿದರೆ ಇಡೀ ವರ್ಷದ ವ್ಯತ್ಯಾಸ ಸುಮಾರು 3,300 ರೂಪಾಯಿ. ಬಂಪರ್ ಒಮ್ಮೆ ಗೀರಿಸಿಕೊಂಡು ಬಣ್ಣ ಬಳಿಸಿದರೆ ಅಷ್ಟು ಹೋಗುತ್ತದೆ.

ಸಿಎನ್‌ಜಿ ಮಾದರಿ ಎರಡರಲ್ಲೂ ಇದೆ. ದಿನಕ್ಕೆ ಐವತ್ತು-ಅರವತ್ತು ಕಿ.ಮೀ. ಓಡಿಸುವವರಿಗೆ, ಹತ್ತಿರದಲ್ಲಿ ಬಂಕ್ ಇರುವವರಿಗೆ ಅದು ಒಳ್ಳೆಯದೇ. ಆದರೆ ಒಂದು ಮಾತು: ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ. ವ್ಯಾಗನ್ ಆರ್ ಕೊಳ್ಳಲು 341 ಲೀಟರಿನ ಡಿಕ್ಕಿಯೇ ನಿಮ್ಮ ಕಾರಣವಾಗಿದ್ದರೆ ಸಿಎನ್‌ಜಿ ತೆಗೆದುಕೊಂಡ ಕೂಡಲೇ ಆ ಕಾರಣ ಇಲ್ಲವಾಗುತ್ತದೆ.

ಊರು ನೋಡಿ ತೀರ್ಮಾನಿಸಬೇಕಾದ ಒಂದೆರಡು ಸಂಗತಿಗಳಿವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹಿಂದೆ ಕೂತವರಿಗೆ ಮುಂದಿನ ಎಸಿಯ ತಂಪು ತಲುಪಲು ಬಹಳ ಹೊತ್ತು ಬೇಕು. ಸ್ವಿಫ್ಟ್‌ನ ಮೇಲಿನ ಮಾದರಿಗಳಲ್ಲಿ ಹಿಂದಿನ ಸೀಟಿಗೇ ಎಸಿ ಕಿಂಡಿ ಇದೆ. ವ್ಯಾಗನ್ ಆರ್‌ನ ಯಾವ ಮಾದರಿಯಲ್ಲೂ ಇಲ್ಲ. ಆ ಕಡೆಯವರು ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು. ಮಲೆನಾಡಿನವರಿಗೆ, ಕರಾವಳಿಯವರಿಗೆ ಬೇಕಾದದ್ದು ಹಿಂದಿನ ಗಾಜಿನ ವೈಪರ್. ಹ್ಯಾಚ್‌ಬ್ಯಾಕ್ ಕಾರಿನ ಹಿಂಭಾಗ ಕತ್ತರಿಸಿದಂತಿರುವುದರಿಂದ ಗಾಲಿ ಎಬ್ಬಿಸಿದ ಕೆಸರು ನೀರೆಲ್ಲ ಹಿಂದಿನ ಗಾಜಿಗೇ ಬಂದು ಕೂರುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯ ದಾರಿಯಲ್ಲಿ ವೈಪರ್ ಇಲ್ಲದ ಕಾರಿನ ಹಿಂದಿನ ಗಾಜು ಇದ್ದೂ ಇಲ್ಲದಂತೆ. ಎರಡೂ ಕಾರುಗಳಲ್ಲಿ ಇದು ಸಿಗುವುದು ಮೇಲಿನ ಮಾದರಿಗಳಲ್ಲಿ ಮಾತ್ರ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯ ಎಲ್ಲರನ್ನೂ ಕರೆದುಕೊಂಡು ಹೋಗಿ, ಐದೂ ಸೀಟು ತುಂಬಿಸಿ, ಎಸಿ ಹಾಕಿ, ಷೋರೂಮಿನವರು ತೋರಿಸುವ ನುಣುಪಾದ ರಸ್ತೆ ಬಿಟ್ಟು ಹತ್ತಿರದ ಮೇಲ್ಸೇತುವೆಯ ಏರಿಗೆ, ಹಂಪ್‌ಗಳಿರುವ ಬೀದಿಗೆ ಒಯ್ಯಿರಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಅಜ್ಜಿಯನ್ನು ಎರಡು ಕಾರಿಗೂ ಹತ್ತಿಸಿ ಇಳಿಸಿ. 'ಹೇಗಿದೆ' ಎಂದು ಕೇಳಿದರೆ ಅವರು 'ಚೆನ್ನಾಗಿದೆ' ಎಂದೇ ಹೇಳುತ್ತಾರೆ, ಮಕ್ಕಳಿಗೆ ಬೇಸರವಾಗಬಾರದಲ್ಲ. ಬಾಯಿಮಾತು ಬಿಟ್ಟು, ಇಳಿಯುವಾಗ ಅವರ ಕೈ ಏನನ್ನು ಹಿಡಿಯಲು ಹುಡುಕುತ್ತದೆ ನೋಡಿ. ಓಡಿಸುವವರು ಒಂದು ಸುತ್ತು ಹಿಂದಿನ ಸೀಟಿನ ನಡುವೆ ಕೂತು ಬರಲಿ. ಅಲ್ಲಿ ತಲೆಗೆ ಆಸರೆ ಇದೆಯೇ, ನಡುವಿನವರಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ಕೈಯಿಂದ ಎಳೆದು ಪರೀಕ್ಷಿಸಲಿ.

ಆಯುಧಪೂಜೆಗೆ ಡೆಲಿವರಿ ಬೇಕು ಎಂಬ ಹಂಬಲ ಎಲ್ಲರಿಗೂ ಇರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಬ್ಬದ ತರಾತುರಿಯಲ್ಲೇ ಬಣ್ಣ, ಮಾದರಿ, ವಿಮೆ, ಅಕ್ಸೆಸರಿ ಎಲ್ಲದರಲ್ಲೂ 'ಇರುವುದನ್ನೇ ತಗೊಳ್ಳಿ ಸಾರ್' ಎಂಬ ಒತ್ತಾಯ ಬರುವುದು. ಆನ್-ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಎರಡು ಕಂಪನಿಗಳ ದರ ಕೇಳಿಕೊಂಡು ಹೋಗಿ. ಕಾರು ತಯಾರಾದ ತಿಂಗಳು, ವರ್ಷ ಯಾವುದೆಂದು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಪೂರ್ತಿ ಹಣ ಕಟ್ಟಿ.

ಇಷ್ಟೆಲ್ಲ ಹೇಳಿದ ಮೇಲೆ ತೀರ್ಪು ಕೊಡದೆ ಹೋಗುವುದು ಸರಿಯಲ್ಲ. ಮನೆಯಲ್ಲಿ ಅರವತ್ತೈದು ದಾಟಿದವರಿದ್ದು, ಓಡಾಟದ ಬಹುಪಾಲು ಊರೊಳಗೇ ಇದ್ದು, ನಿಲ್ಲಿಸುವ ಜಾಗ ಇಕ್ಕಟ್ಟಾಗಿದ್ದರೆ 1.2 ಲೀಟರಿನ ವ್ಯಾಗನ್ ಆರ್ ನಿಮ್ಮ ಕಾರು. ಸ್ಕೂಟರಿನಿಂದ ಬರುತ್ತಿರುವ ಹೆಚ್ಚಿನ ಕುಟುಂಬಗಳು ಇದೇ ಗುಂಪಿಗೆ ಸೇರುತ್ತವೆ. ಗಂಡ, ಹೆಂಡತಿ, ಒಂದೆರಡು ಮಕ್ಕಳ ಮನೆಯಾಗಿ, ವಾರ ವಾರವೂ ಹೆದ್ದಾರಿ ಹಿಡಿಯುವವರಾಗಿ, ಮೇಲಿನ ಲಕ್ಷಕ್ಕೆ ಸಾಲ ಮಾಡದೆ ಕೈಯಿಂದ ಕೊಡಬಲ್ಲವರಾಗಿದ್ದರೆ ಸ್ವಿಫ್ಟ್. ಬಜೆಟ್ಟು ಎಕ್ಸ್-ಷೋರೂಮ್ ಲೆಕ್ಕದಲ್ಲಿ ಐದು ಲಕ್ಷದೊಳಗೇ ನಿಲ್ಲಬೇಕೆಂದಿದ್ದರೆ 1.0ರ ವ್ಯಾಗನ್ ಆರ್ ತೆಗೆದುಕೊಳ್ಳಿ, ಘಾಟಿಯ ಪ್ರಯಾಣಕ್ಕೆ ಬಸ್ಸು ಹತ್ತಿ.

ಯಾವುದನ್ನೇ ತಂದರೂ ಒಂದು ಕೋರಿಕೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂದು ಕಾನೂನಿದೆ; ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಡಿ ಸಾವಿರ ರೂಪಾಯಿ ದಂಡ, ಹದಿನಾಲ್ಕರ ಒಳಗಿನ ಮಕ್ಕಳಿಗೂ ಅದು ಅನ್ವಯ. ದಂಡದ ಮಾತು ಹಾಗಿರಲಿ. ಈ ಎರಡೂ ಕಾರುಗಳ ಚೌಕಟ್ಟಿನ ಬಗ್ಗೆ ಪರೀಕ್ಷೆಗಳು ಹೇಳಿರುವುದನ್ನು ಓದಿದ ಮೇಲೆ ಹಿಂದೆ ಕೂರುವ ಅಮ್ಮನನ್ನೂ ಮಕ್ಕಳನ್ನೂ ಬೆಲ್ಟ್ ಇಲ್ಲದೆ ಕೂರಿಸಬೇಡಿ. ಹೊಸ ಸೀಟ್ ಕವರ್ ಹಾಕಿಸುವಾಗ ಬೆಲ್ಟಿನ ಬಕಲುಗಳು ಕವರಿನ ಕೆಳಗೆ ಸೇರಿಹೋಗುವುದುಂಟು. ಕಾರು ಮನೆಗೆ ಬಂದ ದಿನವೇ ಅವನ್ನು ಹೊರಗೆಳೆದು, ಮೂರೂ ಬೆಲ್ಟ್‌ಗಳನ್ನು ಹಾಕಿ ತೆಗೆಯುವುದನ್ನು ಮನೆಯ ಎಲ್ಲರಿಗೂ ಕಲಿಸಿಕೊಡಿ.